ಹದಿನಾರನೆಯ ಹಾಡು ಭಾವನದು

ಬೆಳಗಿನ ಜಾವ ಐದೂ ಇಪ್ಪತ್ತು. ಕ್ಲಬ್ಬಿನ ಹಿಂಬಾಗಿಲು ಅರ್ಧ ತೆರೆದಿದೆ. ಒಳಗೆ ಕುರ್ಚಿಗಳೆಲ್ಲ ಮೇಜುಗಳ ಮೇಲೆ ಕಾಲು ಮೇಲಾಗಿ ಕೂತಿವೆ. ನೆಲ ಒರೆಸುವ ಅಮ್ಮ ಬಕೆಟ್ಟನ್ನು ಪಾದದಿಂದಲೇ ತಳ್ಳುತ್ತ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದಾರೆ. ಬಣ್ಣದ ದೀಪಗಳಲ್ಲಿ ಥಳಥಳಿಸುವ ಹಾಲ್ ಇದೇ ಏನು ಎಂದು ಅನುಮಾನವಾಗುತ್ತದೆ. ಎರಡು ಟ್ಯೂಬ್‌ಲೈಟುಗಳ ಬೆಳಕಿನಲ್ಲಿ ಅದು ಪರೀಕ್ಷೆ ಮುಗಿದ ಮರುದಿನದ ಶಾಲೆಯ ಹಾಗಿದೆ. ಗೋಡೆಯ ಬಣ್ಣ ಸುಲಿದಿದೆ, ಒಂದು ಕಡೆ ಯಾರೋ ಮರೆತುಹೋದ ಸ್ವೆಟರ್ ನೇತಾಡುತ್ತಿದೆ.

ಮೂಲೆಯಲ್ಲಿ ಮರದ ಹಲಗೆ ಹಾಸಿದ ಒಂದು ಗೂಡು. ಎದೆಯೆತ್ತರದ ಮೇಜಿನ ಮೇಲೆ ರೆಕಾರ್ಡ್ ತಿರುಗಿಸುವ ಎರಡು ಯಂತ್ರಗಳು, ನಡುವೆ ಎರಡರ ಸದ್ದನ್ನೂ ಬೆರೆಸುವ ಮಿಕ್ಸರ್. ಐವತ್ತೆಂಟು ವರ್ಷದ ಒಬ್ಬರು ಅದರ ಹಿಂದೆ ಹೋಗಿ, ಯಂತ್ರಗಳನ್ನು ಮುಟ್ಟುವ ಮೊದಲು, ಬಗ್ಗಿ ಬೂಟು ಬಿಚ್ಚುತ್ತಾರೆ. ಕಾಲುಚೀಲ ತೆಗೆದು ಮಡಿಸಿ ಬೂಟಿನೊಳಗೆ ಇಡುತ್ತಾರೆ. ಆಮೇಲೆ ಬರಿಗಾಲನ್ನು ಹಲಗೆಯ ಮೇಲೆ ಊರಿ, ಸ್ನಾನದ ನೀರಿನ ಬಿಸಿ ನೋಡುವವರ ಹಾಗೆ ಹೆಬ್ಬೆರಳು ಒತ್ತಿ ನೋಡುತ್ತಾರೆ. ಎಡಗಡೆ ನಿಂತ ನಲವತ್ತಾರರ ಗಂಡಸು ದೊಡ್ಡ ಸ್ಪೀಕರುಗಳ ಗುಂಡಿ ಒತ್ತುತ್ತಾನೆ. ಹಲಗೆ ಸಣ್ಣಗೆ ಅದುರುತ್ತದೆ.

"ಹ್ಞೂಂ, ಬಂತು. ನೀನು ಶುರು ಮಾಡು," ಎನ್ನುತ್ತಾರೆ ಬರಿಗಾಲಿನವರು.

ಅವರನ್ನು ಇಲ್ಲಿ ಎಲ್ಲರೂ ಕರೆಯುವುದು 'ಭಾವ' ಎಂದು. ಪಕ್ಕದಲ್ಲಿರುವುದು ಅವರ ಹೆಂಡತಿಯ ತಮ್ಮ. ಆತ ಹಾಗೆ ಕರೆಯುವುದು ನ್ಯಾಯ. ಆದರೆ ಬಾಗಿಲು ಕಾಯುವವನಿಗೂ ಅವರು ಭಾವ, ಮ್ಯಾನೇಜರಿಗೂ ಭಾವ, ಅವರಿಗಿಂತ ಆರು ವರ್ಷ ದೊಡ್ಡವರಾದ ನೆಲ ಒರೆಸುವ ಅಮ್ಮನಿಗೂ ಭಾವ. ಪತ್ರಿಕೆಗೆ ಇವರ ಬಗ್ಗೆ ಬರೆಯಲು ಬಂದ ನಾನೂ ಎರಡನೇ ದಿನಕ್ಕೆ ಹಾಗೇ ಕರೆಯತೊಡಗಿದೆ. ಅವರು ಬೇಡ ಎನ್ನಲಿಲ್ಲ. "ಇಷ್ಟು ಜನ ಭಾಮೈದಂದಿರನ್ನ ಸಾಕೋದು ಹೇಗೋ," ಎಂದರು ಅಷ್ಟೆ.

ಇಬ್ಬರೂ ಡಿಜೆಗಳು. ಭಾಮೈದನ ಹೆಸರು ಕ್ಲಬ್ಬಿನ ಹೊರಗೆ ಆಳೆತ್ತರದ ಅಕ್ಷರಗಳಲ್ಲಿದೆ. ಭಾವನ ಹೆಸರು ಮೂವತ್ತೊಂದು ವರ್ಷಗಳಲ್ಲಿ ಯಾವ ಪೋಸ್ಟರಿನಲ್ಲೂ ಬಂದಿಲ್ಲ. ಈಗ ಇಬ್ಬರೂ ಸೇರಿ ಒಂದು ಹೌಸ್ ಸಂಗೀತದ ಆಲ್ಬಂ ಮಾಡುತ್ತಿದ್ದಾರೆ. ಹದಿನಾರು ರೆಕಾರ್ಡುಗಳು, ಎಪ್ಪತ್ತನಾಲ್ಕು ನಿಮಿಷ, ಎಲ್ಲೂ ನಿಲ್ಲದೆ ಒಂದೇ ಉಸಿರಿನಲ್ಲಿ. ಒಂದು ಹಾಡು ಭಾಮೈದನದು, ಮುಂದಿನದು ಭಾವನದು. ಕಂಪ್ಯೂಟರಿನಲ್ಲಿ ತಿದ್ದುವ ಮಾತಿಲ್ಲ. ತಪ್ಪಿದರೆ ಮೊದಲಿನಿಂದ. ದಿನಕ್ಕೆ ಒಂದೇ ಸಲ, ಏಕೆಂದರೆ ಅದಕ್ಕಿಂತ ಹೆಚ್ಚು ಭಾವನ ಕಿವಿ ತಾಳುವುದಿಲ್ಲ.

ಅವರ ಬಲಗಿವಿ ಹೋಗಿ ಎರಡು ವರ್ಷವಾಯಿತು. ಎಡಗಿವಿ ಹೋಗುತ್ತಿದೆ. ಕಿವಿ ಪರೀಕ್ಷೆ ಮಾಡುವ ಡಾಕ್ಟರಮ್ಮ ಮೂರು ತಿಂಗಳೂ ಅನ್ನಬಹುದು, ಆರು ತಿಂಗಳೂ ಅನ್ನಬಹುದು ಎಂದಿದ್ದಾರೆ. ಯಂತ್ರ ಹಾಕಿಸಿಕೊಂಡರೆ ಮಾತು ಕೇಳಿಸಬಹುದು, ಸಂಗೀತ ಸಂಗೀತದ ಹಾಗೆ ಕೇಳಿಸುವುದಿಲ್ಲ. ಅಷ್ಟರೊಳಗೆ ಈ ಹದಿನಾರು ಹಾಡುಗಳು ಮುಗಿಯಬೇಕು. ನಾನು ಮೊದಲ ಸಲ ಹೋದದ್ದು ಆರನೇ ಬೆಳಿಗ್ಗೆ. ಹಿಂದಿನ ಐದೂ ನೀರುಪಾಲಾಗಿದ್ದವು.

ನನಗೆ ಈ ಸಂಗೀತದ ಗಂಧಗಾಳಿಯಿಲ್ಲ. ಭಾವನೇ ಕೂರಿಸಿಕೊಂಡು ಹೇಳಿಕೊಟ್ಟರು. ಹೌಸ್ ಸಂಗೀತದಲ್ಲಿ ಡ್ರಮ್ಮಿನ ಏಟು ಒಂದೇ ಸಮ ಬೀಳುತ್ತದೆ, ನಿಮಿಷಕ್ಕೆ ನೂರಿಪ್ಪತ್ತರ ಆಸುಪಾಸು. ಒಂದು ರೆಕಾರ್ಡ್ ಮುಗಿಯುವ ಮೊದಲೇ ಇನ್ನೊಂದನ್ನು ಅದರ ಕೆಳಗೆ ಸೇರಿಸಬೇಕು. ಎರಡರ ಏಟೂ ಒಂದರ ಮೇಲೊಂದು ಬೀಳಬೇಕು, ಕುಣಿಯುವವರ ಕಾಲಿಗೆ ಹಾಡು ಬದಲಾದದ್ದೇ ಗೊತ್ತಾಗಬಾರದು. ಇದನ್ನು ಇವರು ಬೆಸುಗೆ ಎನ್ನುತ್ತಾರೆ. ಸರಿಹೋದರೆ 'ಕೂತ್ಕೊಂತು' ಎನ್ನುತ್ತಾರೆ. ಏಟುಗಳು ಹಿಂದುಮುಂದಾಗಿ ಟಕಟಕ ಎಂದರೆ 'ಕುದುರೆ ಓಡ್ತು' ಎನ್ನುತ್ತಾರೆ.

"ಇದಕ್ಕೆ ಎರಡು ಕಿವಿ ಬೇಕು," ಎಂದು ಭಾವ ತಮ್ಮ ಹೆಡ್‌ಫೋನನ್ನು ಎಡಗಿವಿಗೆ ಮಾತ್ರ ಒತ್ತಿ ತೋರಿಸಿದರು. "ಒಂದು ಕಿವೀಲಿ ಬರೋ ಹಾಡು, ಇನ್ನೊಂದರಲ್ಲಿ ಓಡ್ತಿರೋ ಹಾಡು. ನಂಗೆ ಉಳಿದಿರೋದು ಒಂದು. ಅದನ್ನ ಬರೋ ಹಾಡಿಗೆ ಕೊಟ್ಬಿಟ್ಟೆ. ಓಡ್ತಿರೋದನ್ನ ಕಾಲಲ್ಲಿ ಕೇಳ್ತೀನಿ."

ನಾನೂ ಬೂಟು ಬಿಚ್ಚಿ ನಿಂತೆ. ಹಲಗೆಯ ಕೆಳಗಿನಿಂದ ಏಟು ಹಿಮ್ಮಡಿಗೆ ಬಡಿದು ಮೊಣಕಾಲಿನ ತನಕ ಬಂತು. ಅವರ ಕಿವಿ ಉಳಿಸಲೆಂದು ಮೇಲಿನ ಸ್ಪೀಕರುಗಳನ್ನೆಲ್ಲ ಆರಿಸಿ, ನೆಲಕ್ಕೆ ತಾಗಿದ ದೊಡ್ಡ ಪೆಟ್ಟಿಗೆಗಳನ್ನು ಮಾತ್ರ ಬಿಟ್ಟಿರುತ್ತಾರೆ. ಈ ಉಪಾಯ ಯಾರು ಹೇಳಿಕೊಟ್ಟದ್ದೆಂದು ಕೇಳಿದರೆ, ಒಂದು ದಿನ ಬೂಟಿನೊಳಗೆ ಕಲ್ಲು ಸಿಕ್ಕಿ ಬಿಚ್ಚಿದ್ದೆ ಎನ್ನುತ್ತಾರೆ.

ಇಪ್ಪತ್ತೇಳನೇ ವಯಸ್ಸಿನಲ್ಲಿ ಅವರು ಬಟ್ಟೆ ಅಂಗಡಿಯೊಂದರಲ್ಲಿ ಥಾನು ಮಡಿಸುತ್ತಿದ್ದರು. ಗೆಳೆಯನೊಬ್ಬ ಊರು ಬಿಡುವಾಗ ಎರಡು ಪೆಟ್ಟಿಗೆ ರೆಕಾರ್ಡುಗಳನ್ನು ಇವರ ಕೋಣೆಯಲ್ಲಿ ಇಟ್ಟುಹೋದ. ತಿರುಗಿ ಬರಲಿಲ್ಲ. ಅವುಗಳ ಜೊತೆಗೇ ಕ್ಲಬ್ಬಿಗೆ ಬಂದವರು ಇಲ್ಲೇ ಉಳಿದರು. ಅವರಿಗೆ ಸಿಕ್ಕಿದ್ದು ಬಾಗಿಲು ತೆರೆಯುವ ಹೊತ್ತಿನ ಕೆಲಸ. ಹಾಲ್ ಖಾಲಿ ಇರುವಾಗ ನುಡಿಸಬೇಕು, ಜನ ಬಂದು ಕೋಟು ಬಿಚ್ಚಿ ಪರಿಚಯದವರನ್ನು ಹುಡುಕುವ ತನಕ ನುಡಿಸಬೇಕು, ನೆಲ ತುಂಬುವ ಹೊತ್ತಿಗೆ ಜಾಗ ಬಿಡಬೇಕು. ವಾರಕ್ಕೆ ಐದು ಸಂಜೆ, ಮೂವತ್ತೊಂದು ವರ್ಷ.

"ನಮ್ಮ ಕೆಲಸ ಏನು ಗೊತ್ತಾ? ಜನ ಬೇಗ ಕುಣಿಯದ ಹಾಗೆ ನೋಡ್ಕೊಳ್ಳೋದು," ಎನ್ನುತ್ತಾರೆ ಭಾವ. "ಬಂದ ತಕ್ಷಣ ಕುಣಿಸಿಬಿಟ್ರೆ ಒಂದು ಗಂಟೆಗೆ ಸುಸ್ತಾಗಿ ಮನೆಗೆ ಹೋಗ್ತಾರೆ. ಕಾಲು ಅಲ್ಲಾಡ್ತಿರ್ಬೇಕು, ಆದ್ರೆ ಏಳಬಾರ್ದು. ಆಮೇಲೆ ಬರೋನಿಗೆ ಹದವಾದ ಹಾಲ್ ಕೊಡ್ಬೇಕು. ಚಪ್ಪಾಳೆ ಹೊಡೀತಾರಾ ಅಂತ ಕೇಳ್ಬೇಡಿ. ನಾನು ಇಳಿಯೋವಾಗ ಇವನು ಹತ್ತಿರ್ತಾನೆ, ಇವನಿಗೆ ಹೊಡೀತಾರೆ."

ಭಾಮೈದ ಈ ಗೂಡಿಗೆ ಬಂದು ಇಪ್ಪತ್ನಾಲ್ಕು ವರ್ಷ. ಕೈಯಲ್ಲಿ ಚುರುಕು, ಮುಖದಲ್ಲಿ ನಗು. ಎರಡೇ ವರ್ಷಗಳಲ್ಲಿ ಭಾವನನ್ನು ದಾಟಿ ಮುಂದೆ ಹೋದ. ಅದರಿಂದ ಭಾವನಿಗೆ ಹೊಟ್ಟೆಯುರಿಯಿತೇ ಎಂದು ನಾನು ನಾಲ್ಕು ವಿಧವಾಗಿ ಕೇಳಿ ನೋಡಿದೆ. ಏನೂ ಗಿಟ್ಟಲಿಲ್ಲ. ತಮ್ಮ ಪಾಳಿ ಮುಗಿದ ಮೇಲೂ ಅವರು ಮನೆಗೆ ಹೋಗುತ್ತಿರಲಿಲ್ಲ. ಭಾಮೈದನ ಬಲಗಡೆ ನಿಂತು, ಪೆಟ್ಟಿಗೆಯಿಂದ ಮುಂದಿನ ರೆಕಾರ್ಡ್ ತೆಗೆದು, ಧೂಳು ಒರೆಸಿ ಕೈಗೆ ಕೊಡುತ್ತಿದ್ದರು. ಆತ ಯಾವುದು ಕೇಳುತ್ತಾನೆಂದು ಕೇಳುವ ಮೊದಲೇ ಅವರಿಗೆ ಗೊತ್ತಿರುತ್ತಿತ್ತಂತೆ. ಮನೆಯಲ್ಲಿರುವ ರೆಕಾರ್ಡುಗಳು ಮೂರು ಸಾವಿರದ ನಾನೂರು. ಒಂದೊಂದು ಸಂಜೆಗೆ ತುಂಬಿಸಿ ತರುವ ಪೆಟ್ಟಿಗೆಯ ತೂಕ ಇಪ್ಪತ್ತೆರಡು ಕಿಲೋ. ಅದನ್ನು ಮೂರನೇ ಮಹಡಿಯಿಂದ ಐವತ್ತನಾಲ್ಕು ಮೆಟ್ಟಿಲು ಇಳಿಸಿ ತರುವವರು ಇವರೇ.

ಸಣ್ಣದೊಂದು ಕಂಪನಿ ಭಾಮೈದನಿಗೆ ಆಲ್ಬಂ ಮಾಡೋಣ ಎಂದಾಗ ಆತ ಭಾವನೂ ಇದ್ದರೆ ಮಾತ್ರ ಎಂದ. ಹಾಗಿದ್ದರೆ ಮೊದಲರ್ಧ ಭಾವನದು, ಎರಡನೆಯರ್ಧ ನಿನ್ನದು ಎಂದರು ಕಂಪನಿಯವರು. ಅದಕ್ಕೆ ಭಾವ ಒಪ್ಪಲಿಲ್ಲ. ಒಂದು ಬಿಟ್ಟು ಒಂದು ಆಗಲಿ, ಮೊದಲ ಹಾಡು ನೀನು ಹಾಕು ಎಂದರು. ಹಾಗೆ ಲೆಕ್ಕ ಹಾಕಿದರೆ ಹದಿನಾರನೆಯದು, ಅಂದರೆ ಕೊನೆಯದು, ಅವರ ಪಾಲಿಗೆ ಬರುತ್ತದೆ. ಮೂವತ್ತೊಂದು ವರ್ಷ ಬಾಗಿಲು ತೆರೆದವರು ಒಂದು ಸಲವೂ ಕೊನೆಯ ಹಾಡು ಹಾಕಿಲ್ಲ. ಇದನ್ನು ಅವರು ಬಾಯಿ ಬಿಟ್ಟು ಹೇಳಲಿಲ್ಲ. ಬೆರಳು ಮಡಿಸಿ ಎಣಿಸಿದ ಮೇಲೆ ನನಗೇ ಹೊಳೆಯಿತು.

ಭಾಮೈದನಿಗೆ ಇದರಿಂದ ಪೀಕಲಾಟವಾಯಿತು. ಶುರು ಮಾಡುವುದು ಆತನಿಗೆ ಬರುವುದಿಲ್ಲ. ಮೊದಲ ಮೂರು ಬೆಳಿಗ್ಗೆ ಹಾಳಾದದ್ದು ಆತನಿಂದಲೇ. "ನಂಗೆ ತುಂಬಿದ ಹಾಲ್ ಅಷ್ಟೇ ಅಭ್ಯಾಸ," ಎಂದು ಆತ ಕೈ ಚೆಲ್ಲಿದ. "ಮೊದಲ್ನೇ ಹಾಡಿಗೇ ಬೆಂಕಿ ಹಚ್ಚಿಬಿಡ್ತಿದ್ದೆ. ಭಾವ ಸುಮ್ನೆ ಸೂಜಿ ಎತ್ತಿಬಿಡ್ತಿದ್ರು, ನಾಳೆ ನೋಡೋಣ ಅಂತ. ಇಷ್ಟು ವರ್ಷ ಇವರು ಖಾಲಿ ಕುರ್ಚಿಗಳಿಗೆ ನುಡಿಸ್ತಿದ್ದಾರೆ ಅಂದ್ಕೊಂಡಿದ್ದೆ. ನನಗೋಸ್ಕರ ಹದ ಮಾಡ್ತಿದ್ರು ಅಂತ ಈಗ ಗೊತ್ತಾಗ್ತಿದೆ."

ಆರನೇ ಬೆಳಿಗ್ಗೆ ನಾನು ನೋಡುತ್ತಿದ್ದಂತೆ ಹನ್ನೆರಡನೇ ಹಾಡಿನ ತನಕ ಬಂದರು. ಹನ್ನೆರಡನೆಯದು ಭಾವನ ಬೆಸುಗೆ. ಹೆಡ್‌ಫೋನನ್ನು ಎಡಗಿವಿಗೆ ಒತ್ತಿಕೊಂಡರು, ಇನ್ನೂ ಒತ್ತಿಕೊಂಡರು, ಕಣ್ಣು ಮುಚ್ಚಿದರು. ಕಿವಿಯೊಳಗೆ ಶಿಳ್ಳೆ ಶುರುವಾಗಿತ್ತು. ಹಾಗೆ ಶುರುವಾದರೆ ಬರೋ ಹಾಡು ಅದರ ಹಿಂದೆ ಅಡಗಿಕೊಳ್ಳುತ್ತದಂತೆ. ಕುದುರೆ ಓಡಿತು. ಭಾವ ಸೂಜಿ ಎತ್ತಿ, ರೆಕಾರ್ಡನ್ನು ಕವರಿನೊಳಗೆ ಸೇರಿಸಿ, ಕಾಲುಚೀಲ ಹಾಕಿಕೊಂಡರು. ಭಾಮೈದ ಸ್ಪೀಕರ್ ಆರಿಸಿದ. ಆವತ್ತು ಇಬ್ಬರೂ ನನಗೆ ಚಹಾ ಕುಡಿಸಿ ಕಳಿಸಿದರು, ಅವರು ಕುಡಿಯಲಿಲ್ಲ.

ಎಂಟನೇ ಬೆಳಿಗ್ಗೆಯ ಕಥೆ ಬೇರೆ. ಮೊದಲೇ ಹುಷಾರಿಲ್ಲದ ಮನುಷ್ಯ ತಣ್ಣನೆಯ ಹಲಗೆಯ ಮೇಲೆ ಬರಿಗಾಲಲ್ಲಿ ನಿಲ್ಲುತ್ತಾರಲ್ಲ ಎಂದು ನೆಲ ಒರೆಸುವ ಅಮ್ಮನಿಗೆ ಕರುಳು ಚುರುಕ್ ಎಂದಿದೆ. ಉಗ್ರಾಣದಲ್ಲಿದ್ದ ದಪ್ಪನೆಯ ರಬ್ಬರ್ ಚಾಪೆ ತೊಳೆದು, ಒಣಗಿಸಿ, ಗೂಡಿನಲ್ಲಿ ಹಾಸಿಟ್ಟಿದ್ದಾರೆ. ಭಾವ ಬಂದು ನೋಡಿದರು. ಅಮ್ಮ ದೂರದಲ್ಲಿ ನಿಂತು ನಗುತ್ತಿದ್ದರು. ಭಾವ ಕೈ ಎತ್ತಿ ತುಂಬ ಒಳ್ಳೆಯದಾಯಿತು ಎಂಬಂತೆ ತಲೆಯಾಡಿಸಿ ಚಾಪೆಯ ಮೇಲೆ ನಿಂತರು. ಎರಡನೇ ಹಾಡಿಗೇ ಕುದುರೆ ಓಡಿತು. ರಬ್ಬರು ಏಟನ್ನೆಲ್ಲ ನುಂಗಿಬಿಟ್ಟಿತ್ತು. ಚಾಪೆ ಎಳೆದು ಬಿಸಾಕುವುದು ಒಂದು ಕ್ಷಣದ ಕೆಲಸ. ಭಾವ ಅದನ್ನು ಮಾಡಲಿಲ್ಲ. ಕಿವಿಗೆ ಇವತ್ತು ಯಾಕೋ ಹುಷಾರಿಲ್ಲ ಎಂದು ಹೇಳಿ, ಒಂದು ಇಡೀ ಬೆಳಿಗ್ಗೆಯನ್ನು ಕೈಬಿಟ್ಟು ಮನೆಗೆ ಹೋದರು.

ಅಮ್ಮನಿಗೆ ವಿಷಯ ತಿಳಿಸಿದವನು ಭಾಮೈದ. ಅಮ್ಮ ಬಕೆಟ್ ಪಕ್ಕದಲ್ಲೇ ಕೂತುಬಿಟ್ಟರು. "ನಂಗೇನಪ್ಪಾ ಗೊತ್ತು, ಕಾಲಲ್ಲಿ ಕೇಳ್ತಾರೆ ಅಂತ," ಎಂದರು. "ಬೆಚ್ಚಗಿರ್ಲಿ ಅಂತ ಹಾಕ್ದೆ. ಅವರಿಗೆ ಇರೋ ದಿನಗಳೇ ಎಷ್ಟು, ಅದ್ರಲ್ಲಿ ಒಂದನ್ನ ನಾನು ತಿಂದುಬಿಟ್ಟೆ." ಮರುದಿನದಿಂದ ಅವರು ಗೂಡಿನ ಹಲಗೆಯನ್ನು ಎರಡು ಸಲ ಒರೆಸಿ, ಒಣಬಟ್ಟೆಯಲ್ಲಿ ಉಜ್ಜಿ ಇಡುತ್ತಿದ್ದಾರೆ. ಒಂದು ಮೊಳೆಯ ತಲೆ ಎದ್ದಿದ್ದನ್ನು ಅವರೇ ಕಲ್ಲಿನಿಂದ ಬಡಿದು ಕೂರಿಸಿದರು.

ಭಾವನ ಮನೆ ಎರಡು ಕೋಣೆಗಳದು. ನಡುವಿನ ಓಣಿಯಲ್ಲಿ ಎರಡೂ ಕಡೆ ನೆಲದಿಂದ ಚಾವಣಿಯ ತನಕ ರೆಕಾರ್ಡುಗಳ ಕಪಾಟು. ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಅಂಟಿ ನಿಲ್ಲಬೇಕು. ಒಳಕೋಣೆಯ ಕಿಟಕಿಯ ಬಳಿ ಅವರ ಹೆಂಡತಿಯ ಹೊಲಿಗೆ ಯಂತ್ರ. ಬಟ್ಟೆ ಬಿಗಿ, ಸಡಿಲ ಮಾಡಿಕೊಡುವುದು ಅವರ ಕೆಲಸ. ಬೇರೆಯವರ ಪ್ಯಾಂಟುಗಳ ರಾಶಿಯ ನಡುವೆ ಒಂದು ಸ್ಟೂಲ್ ಖಾಲಿ ಮಾಡಿ ನನ್ನನ್ನು ಕೂರಿಸಿದರು. ಭಾವ ರೊಟ್ಟಿ ತರಲು ಕೆಳಗೆ ಹೋಗಿದ್ದರು. ಇದ್ದಿದ್ದರೂ ಕೇಳಿಸುತ್ತಿರಲಿಲ್ಲ, ಆದರೂ ಅವರು ದನಿ ತಗ್ಗಿಸಿಯೇ ಮಾತಾಡಿದರು.

ಎರಡು ವರ್ಷದ ಹಿಂದೆ ಗಂಡನನ್ನೂ ತಮ್ಮನನ್ನೂ ಒಟ್ಟಿಗೆ ಕಿವಿ ಪರೀಕ್ಷೆಗೆ ಕರೆದೊಯ್ದವರು ಇವರೇ. ಡಾಕ್ಟರಮ್ಮ ಎರಡು ಕಾಗದ ಮುಂದಿಟ್ಟರು. ತಮ್ಮನ ಗೆರೆ ನೆಟ್ಟಗಿತ್ತು. ಗಂಡನ ಎಡಗಿವಿಯ ಗೆರೆ ಬಗ್ಗಿತ್ತು, ಬಲಗಿವಿಯದು ಕಾಗದದ ಬುಡಕ್ಕೇ ಬಿದ್ದಿತ್ತು. ಇಬ್ಬರೂ ಒಂದೇ ಗೂಡಿನಲ್ಲಿ ಕೆಲಸ ಮಾಡುವುದಲ್ಲವೇ, ಸ್ಪೀಕರ್ ಯಾವ ಕಡೆ ಇದೆ ಎಂದು ಡಾಕ್ಟರಮ್ಮ ಕೇಳಿದರು. ಬಲಗಡೆ ಎಂದ ತಮ್ಮ. ಬಲಗಡೆ ಯಾರು ನಿಲ್ಲುತ್ತೀರಿ ಎಂದು ಕೇಳಿದರು. ತಮ್ಮ ಬೆರಳೆತ್ತಿ ಭಾವನನ್ನು ತೋರಿಸಿದ.

"ನಮ್ಮ ತಮ್ಮನಿಗೆ ಚಿಕ್ಕಂದಿನಲ್ಲಿ ಕಿವಿ ಸೋರ್ತಿತ್ತು," ಎಂದರು ಆಕೆ, ಕೈಯಲ್ಲಿದ್ದ ಪ್ಯಾಂಟಿನ ಹೊಲಿಗೆ ಬಿಚ್ಚುತ್ತಲೇ. "ಅವನು ಮೊದಲ್ನೇ ದಿನ ಇವರ ಜೊತೆ ಹೋಗೋವಾಗ ಬಾಗಿಲಲ್ಲಿ ನಿಂತ್ಕೊಂಡು ಒಂದು ಮಾತು ಹೇಳಿದ್ದೆ. ಅವನ ಕಿವಿ ಸೂಕ್ಷ್ಮ, ಸ್ವಲ್ಪ ನೋಡ್ಕೊಳ್ಳಿ ಅಂತ. ಅಷ್ಟೇ. ಆಮೇಲೆ ನಾನೇ ಮರೆತುಬಿಟ್ಟೆ. ಇವರು ಇಪ್ಪತ್ನಾಲ್ಕು ವರ್ಷ ಅವನಿಗೂ ಆ ಸ್ಪೀಕರಿಗೂ ಮಧ್ಯ ನಿಂತಿದ್ರು. ನಂಗೆ ಒಂದ್ಸಲನಾದ್ರೂ ಹೇಳಬಾರ್ದಿತ್ತಾ? ಬೇಡ, ಜಾಗ ಬದಲಾಯಿಸಿಕೊಳ್ಳಿ, ಒಂದಿನ ನೀವು ಒಂದಿನ ಅವನು ಅಂತಿದ್ದೆ. ಇಬ್ರಿಗೂ ಅರ್ಧರ್ಧ ಉಳೀತಿತ್ತು."

ಅವರು ಅಳಲಿಲ್ಲ. ದಾರ ಕಚ್ಚಿ ತುಂಡು ಮಾಡಿದರು. ನನಗೇ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಈ ಆಲ್ಬಂ ಬೇಡವೆಂದು ಡಾಕ್ಟರಮ್ಮ ಹೇಳಿದ್ದಾರೆ, ಉಳಿದ ಕಿವಿಯನ್ನು ಸುಮ್ಮನೆ ಇಟ್ಟುಕೊಂಡರೆ ಇನ್ನಷ್ಟು ದಿನ ಬರುತ್ತದಂತೆ. ಆಕೆ ಗಂಡನಿಗೆ ಬೇಡ ಎನ್ನಲಿಲ್ಲ. "ಸುಮ್ಮನೆ ಇಟ್ಕೊಂಡು ಏನ್ ಕೇಳ್ತಾರೆ? ನನ್ನ ಮಿಷಿನ್ ಸದ್ದು ಕೇಳ್ತಾರೆ. ಖರ್ಚಾಗೋದು ಹೇಗೂ ಆಗುತ್ತೆ, ಅವರಿಗೆ ಬೇಕಾದ್ದಕ್ಕೇ ಆಗ್ಲಿ ಅಂದೆ."

ರೊಟ್ಟಿ ತಂದ ಭಾವನನ್ನು ನಾನು ಎಡಗಡೆ ಕೂತು, ಸ್ವಲ್ಪ ದನಿ ಎತ್ತಿ ಕೇಳಿದೆ. ಬೇಕೆಂದೇ ಬಲಗಡೆ ನಿಲ್ಲುತ್ತಿದ್ದಿರಾ? ಅವರು ಹೆಂಡತಿಯ ಕಡೆ ಒಮ್ಮೆ ನೋಡಿದರು. "ಅದೆಲ್ಲ ಏನಿಲ್ಲ. ಬಲಗಡೆ ರೆಕಾರ್ಡ್ ಪೆಟ್ಟಿಗೆ ಇಡೋಕೆ ಜಾಗ ಇತ್ತು. ಪೆಟ್ಟಿಗೆ ಇದ್ದ ಕಡೆ ನಾನಿದ್ದೆ. ಇವಳು ಯಾವಾಗ ಏನು ಹೇಳಿದ್ಲೋ, ನಂಗೆ ನೆನಪೇ ಇಲ್ಲ." ಆಮೇಲೆ ರೊಟ್ಟಿ ಮುರಿದು ಮೂವರ ಮುಂದೆಯೂ ಇಟ್ಟರು. ಇಲ್ಲಿಗೆ ಈ ವಿಚಾರ ಮುಗಿಯಿತು ಎಂಬ ಹಾಗಿತ್ತು ಅವರ ಮುಖ. ಹೆಂಡತಿ ನಂಬಿದರೋ ಬಿಟ್ಟರೋ ನಾನರಿಯೆ. ನಾನಂತೂ ಆಗ ನಂಬಿದೆ.

ಭಾಮೈದನ ಸಂಕಟ ಇನ್ನೊಂದು ಥರದ್ದು. ಈಗ ಭಾವನ ಜೊತೆ ಮಾತಾಡಬೇಕಾದರೆ ಎಡಗಡೆಯೇ ನಿಲ್ಲಬೇಕು, ಆ ಕಿವಿಯಷ್ಟೇ ಕೆಲಸ ಮಾಡುವುದು. "ಈಗ್ಲೂ ನಾನೇ ಒಳ್ಳೇ ಜಾಗದಲ್ಲಿದ್ದೀನಿ ನೋಡಿ," ಎಂದ ನನ್ನ ಬಳಿ, ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು. "ಆ ಕಡೆ ಹೋಗಿ ನಿಲ್ಬೇಕು ಅನ್ಸುತ್ತೆ. ಹೋದ್ರೆ ನಾನು ಹೇಳಿದ್ದು ಅವರಿಗೆ ಕೇಳ್ಸಲ್ಲ. ಇವತ್ತಿಗೂ ಭಾವನ ಮುಖ ನೋಡಿ ಕ್ಷಮಿಸಿ ಅಂತ ಹೇಳೋಕಾಗಿಲ್ಲ. ಹೇಳಿದ್ರೆ, ಯಾಕೆ ಅಂತ ಕೇಳ್ತಾರೆ. ನಂಗೆ ಅದೇ ಭಯ."

ಹನ್ನೊಂದನೇ ಬೆಳಿಗ್ಗೆ. ಕಿಟಕಿಯಲ್ಲಿ ಇನ್ನೂ ಬೂದು ಬೆಳಕು. ಆವತ್ತು ಭಾವ ಮಾತು ಕಮ್ಮಿ ಆಡುತ್ತಾರೆ. ಹಿಂದಿನ ದಿನ ಹೆಂಡತಿ ಎರಡು ಸಲ ಕರೆದದ್ದು ಎಡಗಡೆಯಿಂದಲೂ ಕೇಳಿಸಿಲ್ಲವಂತೆ. ಇದು ನನಗೆ ಭಾಮೈದ ಪಿಸುಗುಟ್ಟಿದ್ದು. ಇನ್ನು ಎಷ್ಟು ಬೆಳಿಗ್ಗೆಗಳಿವೆಯೋ ಇಬ್ಬರಿಗೂ ಗೊತ್ತಿಲ್ಲ, ಇದೇ ಕೊನೆಯದಿರಬಹುದು ಎಂಬುದು ಇಬ್ಬರಿಗೂ ಗೊತ್ತಿದೆ. ಭಾವ ಬೂಟು ಬಿಚ್ಚುತ್ತಾರೆ. ಕಾಲುಚೀಲ ಮಡಿಸುತ್ತಾರೆ. ನೆಲ ಒರೆಸುವ ಅಮ್ಮ ಕೆಲಸ ನಿಲ್ಲಿಸಿ, ಒಂದು ಕುರ್ಚಿಯನ್ನು ಸದ್ದಾಗದಂತೆ ಇಳಿಸಿಕೊಂಡು ಕೂರುತ್ತಾರೆ.

ಭಾಮೈದ ಮೊದಲ ಹಾಡು ಹಾಕುತ್ತಾನೆ, ಈ ಸಲ ಅವಸರವಿಲ್ಲ. ಖಾಲಿ ಹಾಲಿಗೆ ನುಡಿಸುವುದನ್ನು ಕಲಿತಿದ್ದಾನೆ. ಎರಡನೆಯದು ಭಾವನದು, ಕೂರುತ್ತದೆ. ಮೂರು, ನಾಲ್ಕು, ಐದು. ಎಂಟನೇ ಹಾಡಿನ ಹೊತ್ತಿಗೆ ನನ್ನ ಕಾಲೂ ನನ್ನ ಮಾತು ಕೇಳದೆ ಅಲ್ಲಾಡತೊಡಗುತ್ತದೆ. ಹನ್ನೆರಡು ದಾಟುತ್ತದೆ. ಹದಿನಾಲ್ಕನೆಯ ಬೆಸುಗೆಗೆ ಭಾವ ಹೆಡ್‌ಫೋನನ್ನು ಒತ್ತಿ ಹಿಡಿದ ಬೆರಳ ಗಿಣ್ಣುಗಳು ಬೆಳ್ಳಗಾಗಿವೆ. ಅದೂ ಕೂರುತ್ತದೆ. ಹದಿನೈದನೆಯದನ್ನು ಭಾಮೈದ ಸೇರಿಸಿ, ಉಸಿರು ಬಿಟ್ಟು, ಭಾವನಿಗೆ ಜಾಗ ಬಿಡುತ್ತಾನೆ.

ಭಾವ ಹದಿನಾರನೆಯ ರೆಕಾರ್ಡಿನ ಮೇಲೆ ಸೂಜಿ ಇಡುತ್ತಾರೆ. ಹೆಡ್‌ಫೋನ್ ಒತ್ತುತ್ತಾರೆ. ತೆಗೆದು ಮತ್ತೆ ಒತ್ತುತ್ತಾರೆ. ಭಾಮೈದನ ಕಡೆ ತಿರುಗಿ, ಸಾಮಾನ್ಯ ದನಿಯಲ್ಲಿ, "ಹೋಯ್ತು ಕಣೋ. ಏನೂ ಇಲ್ಲ," ಎನ್ನುತ್ತಾರೆ. ಓಡುತ್ತಿರುವ ಹಾಡು ಮುಗಿಯಲು ಒಂದೂಮುಕ್ಕಾಲು ನಿಮಿಷವಿದೆ. ಭಾಮೈದ ತಾನೇ ಸೇರಿಸಿಬಿಡಬಹುದು, ಆತನಿಗದು ಎಡಗೈಯ ಕೆಲಸ. ಧ್ವನಿಮುದ್ರಣದಲ್ಲಿ ಸದ್ದು ಮಾತ್ರ ಅಚ್ಚಾಗುತ್ತದೆ, ಯಾರ ಕೈ ಎಂದು ಯಾರಿಗೂ ತಿಳಿಯುವುದಿಲ್ಲ. ಅವನ ಕೈ ಅರ್ಧ ದಾರಿ ಬಂದದ್ದನ್ನು ನಾನು ನೋಡಿದೆ.

ಆ ಕೈ ಯಂತ್ರದ ಮೇಲೆ ಹೋಗಲಿಲ್ಲ. ಭಾವನ ತಲೆಯಿಂದ ಹೆಡ್‌ಫೋನ್ ತೆಗೆದು ತಾನು ಹಾಕಿಕೊಂಡ. ಇನ್ನೊಂದು ಕೈಯನ್ನು ಅವರ ಭುಜದ ಮೇಲಿಟ್ಟು, ಬರುತ್ತಿರುವ ಹಾಡಿನ ಏಟನ್ನು ತಟ್ಟತೊಡಗಿದ. ಮೊದಲು ಭಾವನಿಗೆ ಅರ್ಥವಾಗಲಿಲ್ಲ, ಸಮಾಧಾನ ಮಾಡುತ್ತಿದ್ದಾನೆಂದು ಭುಜ ಕೊಡವಿದರು. ಭಾಮೈದ ಬಿಡಲಿಲ್ಲ, ಇನ್ನೂ ಬಲವಾಗಿ ತಟ್ಟಿದ. ಆಗ ಅವರು ಅಲ್ಲಾಡದೆ ನಿಂತರು. ಕಾಲ ಕೆಳಗೆ ಓಡುವ ಹಾಡು, ಭುಜದ ಮೇಲೆ ಬರುವ ಹಾಡು. ಬೆರಳು ರೆಕಾರ್ಡಿನ ವೇಗ ಹೆಚ್ಚುಕಮ್ಮಿ ಮಾಡುವ ಪಟ್ಟಿಯ ಮೇಲೆ ಕೂದಲೆಳೆಯಷ್ಟು ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ಭುಜದ ಏಟೂ ನೆಲದ ಏಟೂ ಹತ್ತಿರ ಬರುವುದು ಅವರ ಮುಖದಲ್ಲಿ ಕಾಣುತ್ತಿತ್ತು. ಬಲಗೈಯಲ್ಲಿ ಮಿಕ್ಸರಿನಲ್ಲಿ ಹೊಸ ಹಾಡಿಗೆ ದಾರಿ ತೆರೆದರು.

ಹಾಡು ಬಂತು. ಅಗಲವಾದ, ನಿಧಾನವಾದ, ಮನೆಗೆ ಕಳಿಸಿಕೊಡುವಂಥ ಹಾಡು. ನಡುವೆ ಎಲ್ಲೋ ಎರಡು ಏಟುಗಳು ಒಂದಕ್ಕೊಂದು ತಾಗಿದ ಹಾಗಾಗಿ ತಕ್ಷಣ ಸರಿಹೋದವು. ಗಂಧಗಾಳಿಯಿಲ್ಲದ ನನಗೂ ಅದು ಕೇಳಿಸಿತು. ಭಾಮೈದನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಕೈ ಮಾತ್ರ ಇನ್ನೂ ತಟ್ಟುತ್ತಲೇ ಇತ್ತು, ಬೇಕಿಲ್ಲದಿದ್ದರೂ.

ಹಾಡು ಪೂರ್ತಿ ಮುಗಿದು, ಸೂಜಿ ಎತ್ತಿದ ಮೇಲೆ ಭಾವ ಕೇಳಿದರು. "ಕೂತ್ಕೊಂತಾ?"

"ಕೂತ್ಕೊಂತು ಭಾವ," ಎಂದ ಆತ, ಎಡಗಿವಿಗೆ ಬಾಯಿಟ್ಟು ಗಟ್ಟಿಯಾಗಿ. ಭಾವನಿಗೆ ಕೇಳಿಸಿತೋ, ಕಿವಿಗೆ ತಾಗಿದ ಉಸಿರಿನಿಂದ ತಿಳಿಯಿತೋ.

"ಸುಳ್ಳು ಹೇಳ್ಬೇಡ. ಎರಡು ಏಟು ಜಾರ್ತು. ಕಾಲಿಗೆ ಗೊತ್ತಾಯ್ತು." ರೆಕಾರ್ಡನ್ನು ಕವರಿಗೆ ಸೇರಿಸಿ ಹೇಳಿದರು. "ಇರ್ಲಿ. ಹಾಗೇ ಬಿಡು."

ಅಮ್ಮ ಚಪ್ಪಾಳೆ ತಟ್ಟಿದರು. ಒಬ್ಬರೇ, ಒದ್ದೆ ಕೈಗಳಲ್ಲಿ. ಭಾವನಿಗೆ ಅದು ಕೇಳಿಸಲಿಲ್ಲ, ಭಾಮೈದ ಬೆರಳು ತೋರಿದ ಮೇಲೆ ತಿರುಗಿ ನೋಡಿ, ನಾಚಿಕೊಂಡು ಕೈ ಎತ್ತಿದರು. ಏನಾದರೂ ಆಸೆ ಉಳಿದಿದೆಯೇ ಎಂದು ನಾನು ಚೀಟಿಯಲ್ಲಿ ಬರೆದು ಕೇಳಿದೆ. ಕನ್ನಡಕ ಏರಿಸಿ ಓದಿದರು. ಇದು ಅಚ್ಚಾಗಿ ಬಂದ ಮೇಲೆ ಹೆಂಡತಿ ಒಂದು ಸಲ ಹೊಲಿಗೆ ನಿಲ್ಲಿಸಿ ಪೂರ್ತಿ ಕೇಳಬೇಕು, ಆಮೇಲೆ ಹೇಗಿತ್ತೆಂದು ತಮಗೆ ಬರೆದು ತೋರಿಸಬೇಕು, ಅಷ್ಟೇ ಎಂದರು. ಕೂತುಕೊಂಡು ಕಾಲುಚೀಲ ಹಾಕತೊಡಗಿದರು.

ಧ್ವನಿಮುದ್ರಣ ಸರಿಯಾಗಿದೆಯೇ ನೋಡಬೇಕೆಂದು ಭಾಮೈದ ಗೂಡಿನ ಬಲಗಡೆಗೆ ಹೋಗಿ, ಇಷ್ಟು ದಿನ ಆರಿಸಿಟ್ಟಿದ್ದ ಸ್ಪೀಕರಿನ ಗುಂಡಿ ಒತ್ತಿದ. ಅದರ ಬಾಯಿ ಸರಿಯಾಗಿ ಅವನ ಕಿವಿಯ ಎತ್ತರಕ್ಕಿದೆ. ಮೊದಲ ಹಾಡು ಶುರುವಾಯಿತು. ಭಾವನಿಗೆ ಹಾಡು ಕೇಳಿಸಲಿಲ್ಲ, ಹಲಗೆ ಅದುರಿದ್ದು ತಿಳಿಯಿತು. ತಲೆ ಎತ್ತಿ ನೋಡಿದರು. ಒಂದು ಕಾಲಿಗೆ ಚೀಲ, ಇನ್ನೊಂದು ಬರಿಗಾಲು, ಹಾಗೇ ಎದ್ದು ಹೋಗಿ ಭಾಮೈದನ ಮೊಣಕೈ ಹಿಡಿದು ಎಡಗಡೆಗೆ ಎಳೆದು ನಿಲ್ಲಿಸಿದರು. ಆಮೇಲೆ ತಾವು ಸ್ಪೀಕರಿನ ಮುಂದೆ, ಇಪ್ಪತ್ನಾಲ್ಕು ವರ್ಷ ನಿಂತ ಜಾಗದಲ್ಲೇ ನಿಂತರು.

"ಆ ಕಡೆ ನಿಲ್ಬೇಡ ಅಂತ ಎಷ್ಟು ಸಲ ಹೇಳೋದು," ಎಂದರು. "ನಿಮ್ಮಕ್ಕ ಬೈತಾಳೆ."